ಹೆದರಿಕೆ ಇಲ್ಲದ ವಾರ್ಡು

ಗೋಡೆಯ ಮೇಲಿನ ಪರದೆಯಲ್ಲಿ ತೊಂಬತ್ತೊಂದು ಎಂಬ ಅಂಕಿ ಹಸಿರಾಗಿ ಬೆಳಗುತ್ತಿತ್ತು. ಅದರ ಕೆಳಗೆ ‘ವಿದ್ಯಾರ್ಥಿಗಳ ಅನುಭವದಲ್ಲಿ ಕಲಿಕಾ ಪರಿಸರ: ಅತ್ಯುತ್ತಮ’ ಎಂಬ ಬರಹ. ಕಸ್ತೂರಿ ಬಡಿಗೇರ ಆ ಪರದೆಯ ಎದುರು ಕೂತು, ಮೂರನೇ ಮಹಡಿಯಲ್ಲಿ, ಮಹಿಳಾ ವಾರ್ಡಿನ ಪಕ್ಕದ ವಿದ್ಯಾರ್ಥಿನಿಯರ ಶೌಚಾಲಯಕ್ಕೆ ಬಿದ್ದಿದ್ದ ಬೀಗದ ಬಗ್ಗೆ ಯೋಚಿಸುತ್ತಿದ್ದಳು. ನೀರಿಲ್ಲ ಎಂದು ಹಾಕಿದ ಬೀಗ ಅದು. ನೀರು ಬಂದ ಮೇಲೂ ತೆಗೆಯಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಬೆಳಗಿನ ಪಾಳಿಗೆ ಬಂದ ಹುಡುಗಿಯರು ಊಟದ ಹೊತ್ತಿಗೆ ಹಾಸ್ಟೆಲ್ಲಿಗೆ ಓಡುವವರೆಗೂ ಬಿಗಿಹಿಡಿದು ನಿಲ್ಲಬೇಕು. ಅದಕ್ಕೆಂದೇ ಅವರು ನೀರು ಕುಡಿಯುವುದನ್ನು ಬಿಟ್ಟಿದ್ದರು. ನೀರು ಕುಡಿಯದಿದ್ದರೆ ಮೂತ್ರಕೋಶದ ಗತಿ ಏನಾಗುತ್ತದೆ ಎಂದು ಅದೇ ಹುಡುಗಿಯರಿಗೆ ಪಾಠ ಮಾಡಿದವಳು ಕಸ್ತೂರಿಯೇ. ಆದರೂ ತೊಂಬತ್ತೊಂದು.

ಹುಬ್ಬಳ್ಳಿಯ ಹೊರಗೆ, ತನ್ನದೇ ಆಸ್ಪತ್ರೆಯನ್ನು ಬೆನ್ನಿಗಿಟ್ಟುಕೊಂಡು ನಿಂತಿದ್ದ ಅಮೃತಬಿಂದು ನರ್ಸಿಂಗ್ ಕಾಲೇಜಿನಲ್ಲಿ ಅವಳು ಹಳೆಯ ಬೋಧಕಿ. ಮೊದಲೆಲ್ಲ ವರ್ಷಕ್ಕೊಮ್ಮೆ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆಪತ್ರಿಕೆ ಕೊಡುತ್ತಿದ್ದರು. ವಾರ್ಡಿನಲ್ಲಿ ಸಂಶಯ ಕೇಳುವ ಧೈರ್ಯ ನಿಮಗಿದೆಯೇ, ತಪ್ಪಿದರೆ ತಿದ್ದುತ್ತಾರೋ ಮಾನ ಕಳೆಯುತ್ತಾರೋ, ನಿಮ್ಮನ್ನು ಕಲಿಯುವವರೆಂದು ಕಾಣುತ್ತಾರೋ ಬಿಟ್ಟಿ ಆಳುಗಳೆಂದು ಕಾಣುತ್ತಾರೋ ಎಂಬಂಥ ಪ್ರಶ್ನೆಗಳು. ಎಲ್ಲಿ ಟಿಕ್ ಹಾಕಬೇಕೆಂದು ಹಿಂದಿನ ದಿನವೇ ಹೇಳಿಕೊಟ್ಟಿರುತ್ತಿದ್ದರು. ಈ ಸುಳ್ಳಿನಿಂದ ಬೇಸತ್ತು, ಕಾಲೇಜಿಗೆ ಮಾನ್ಯತೆ ಕೊಡುವ ಮೇಲಿನವರು ‘ಅನುಭವ ಪಟ್ಟಿ’ ತಂದರು. ಬೆರಳಗಲದ ಪಟ್ಟಿ, ಹಣೆಗೆ ಕಟ್ಟುವಂಥದ್ದು. ಎರಡೂ ಕಣತಲೆಗೆ ಅಂಟುವ ಎರಡು ಬಿಲ್ಲೆಗಳು ಬೆವರು, ನಾಡಿ, ಮಿದುಳಿನ ಸಣ್ಣ ಅಲೆ ಎಲ್ಲವನ್ನೂ ಓದಿ, ಈ ಹುಡುಗಿಗೆ ಈ ಜಾಗದಲ್ಲಿ ಹೇಗನ್ನಿಸುತ್ತಿದೆ ಎಂದು ನೇರ ಹೇಳಿಬಿಡುತ್ತಿದ್ದವು. ಎಂದೋ ಕೈಬಿಟ್ಟಿದ್ದ ನರ್ಸಿನ ಬಿಳಿ ಟೊಪ್ಪಿಗೆ, ಈ ಪಟ್ಟಿಯನ್ನು ಮುಚ್ಚಲೆಂದೇ ಮತ್ತೆ ತಲೆಗೇರಿತು.

ಮೊದಲ ಸಲ ಓದಿದಾಗ ಬಂದದ್ದು ಮೂವತ್ತನಾಲ್ಕು. ಅದು ಐವತ್ತರ ಕೆಳಗೇ ಉಳಿದರೆ ಮಾನ್ಯತೆ ಹೋಗುತ್ತದೆ ಎಂದು ಆಡಳಿತ ಮಂಡಳಿ ತುರ್ತುಸಭೆ ಸೇರಿತು. ಬೀಗ ತೆಗೆಯೋಣ, ವಾರ್ಡಿಗೆ ಇನ್ನಿಬ್ಬರು ಸ್ಟಾಫ್ ನರ್ಸ್ ಹಾಕೋಣ, ಹುಡುಗಿಯರಿಂದ ನೆಲ ಒರೆಸುವುದನ್ನು ನಿಲ್ಲಿಸೋಣ ಎಂದು ಕಸ್ತೂರಿ ಸಭೆಯಲ್ಲಿ ಹೇಳಿದ್ದಳು. ಎಲ್ಲರೂ ತಲೆದೂಗಿದರು. ಅಷ್ಟರಲ್ಲಿ ಪಟ್ಟಿ ತಯಾರಿಸಿದ ಕಂಪನಿಯ ಎಂಜಿನಿಯರ್ ಸುಹಾಸ ಇನ್ನೊಂದು ದಾರಿ ತೋರಿಸಿದ. ಪಟ್ಟಿಯೊಳಗೆ ಎರಡನೆಯ ತಂತಿಯೂ ಇದೆ, ಅದರಲ್ಲಿ ತೀರ ಮೆಲುವಾದ ವಿದ್ಯುತ್ ಹರಿಸಿದರೆ ಮಿದುಳಿನಲ್ಲಿ ಹೆದರಿಕೆ, ಕಸಿವಿಸಿ ಹುಟ್ಟುವ ಜಾಗ ತಣ್ಣಗಾಗುತ್ತದೆ ಎಂದ. ಪರೀಕ್ಷೆಯ ಭಯದ ಮಕ್ಕಳಿಗೆಂದು ಮಾಡಿದ್ದು, ಆರೋಗ್ಯಕ್ಕೆ ತೊಂದರೆಯಿಲ್ಲ, ಬಂದ್ ಮಾಡಿದರೆ ಅರ್ಧ ತಾಸಿನಲ್ಲಿ ಇಳಿದುಹೋಗುತ್ತದೆ.

ಒಂದು ಬೀಗ ತೆಗೆಯುವುದಕ್ಕಿಂತ ಇನ್ನೂರು ಮಿದುಳುಗಳಿಗೆ ಬೀಗ ಹಾಕುವುದು ಅವರಿಗೆ ಹಗುರವೆನಿಸಿತು. ಹುಡುಗಿಯರಿಗೆ ತಿಳಿಸದೆಯೇ ತಂತಿ ಚಾಲೂ ಮಾಡಿದರು; ವಾರದೊಳಗೆ ಅಂಕಿ ಹಸಿರಿಗೆ ತಿರುಗಿತು. ಪಟ್ಟಿಗಳ ಹದ ನೋಡಿಕೊಳ್ಳಲು ವಾರ್ಡಿನ ಕೆಳಗಿನ ಮಹಡಿಯಲ್ಲಿ ಒಂದು ಕೋಣೆ ಮಾಡಿ, ‘ಕಲಿಕಾ ಪರಿಸರ ಕೋಣೆ’ ಎಂದು ಬೋರ್ಡು ತಗುಲಿಸಿ, ವಾರದಲ್ಲಿ ಮೂರು ದಿನ ಕಸ್ತೂರಿಯನ್ನೇ ಅಲ್ಲಿ ಕೂರಿಸಿದರು.

ಅವಳು ಯಾಕೆ ಒಪ್ಪಿದಳು ಎಂದರೆ, ಶ್ರಾವಣಿಯ ಕಾರಣಕ್ಕೆ.

ಶ್ರಾವಣಿ ಅವಳ ಒಬ್ಬಳೇ ಮಗಳು, ಅದೇ ಕಾಲೇಜಿನಲ್ಲಿ ಎರಡನೇ ವರ್ಷ. ಕಾಲೇಜಿನೊಳಗೆ ತಾಯಿಯನ್ನು ಮೇಡಂ ಎಂದೇ ಕರೆಯಬೇಕೆಂಬ ನಿಯಮವನ್ನು ಮೊದಲ ದಿನವೇ ಮಾಡಿಕೊಂಡಿದ್ದಳು. ಮನೆಗೆ ಬಂದರೆ ಮಾತ್ರ ಚಪ್ಪಲಿ ಬಿಡುವ ಮೊದಲೇ ಬೈಗುಳ ಶುರು. ಮಹಿಳಾ ವಾರ್ಡಿನ ಸರೋಜಾ ಸಿಸ್ಟರ್ ರೋಗಿಗಳ ನೆಂಟರ ಎದುರು ತನ್ನನ್ನು ಹೇಗೆ ಬೈದಳು, ಬಟ್ಟೆ ಕಪಾಟಿನ ಹಿಂದೆ ನಿಂತೇ ಡಬ್ಬಿ ಹೇಗೆ ಬಿಚ್ಚಬೇಕಾಯಿತು, ಡಾಕ್ಟರಿಗೆ ಒಂದು ಪ್ರಶ್ನೆ ಕೇಳಿದ್ದಕ್ಕೆ ಅವರು ಹೇಗೆ ನಕ್ಕರು ಎಂದು ಒಂದೊಂದನ್ನೂ ಅಭಿನಯಿಸಿ ತೋರಿಸುತ್ತಿದ್ದಳು. ಸರೋಜಾ ಸಿಸ್ಟರ್ ಒಬ್ಬಳೇ ನಲವತ್ತು ಹಾಸಿಗೆ ನೋಡುತ್ತಾಳೆ, ಅವಳನ್ನೂ ಯಾರೋ ಹೀಗೇ ಬೈದು ಬೆಳೆಸಿದ್ದಾರೆ ಎಂದು ಕಸ್ತೂರಿ ಸಮಾಧಾನ ಹೇಳಿದರೆ, ಹಂಗಂತ ಆಕಿ ಸಿಟ್ಟಿಗೆ ನಾವು ಹೆಗಲು ಕೊಡಬೇಕೇನು ಎಂದು ತಿರುಗಿ ಬೀಳುತ್ತಿದ್ದಳು. ಬರಬರುತ್ತ ಬೈಗುಳ ನಿಂತು ಅಳು ಬಂತು. ಸುಹಾಸ ಆ ದಾರಿ ತೋರಿಸಿದ ಮರುದಿನ, ತಂತಿ ಚಾಲೂ ಆಗುವ ಮೊದಲೇ, ಬೆಳಗ್ಗೆ ಸಮವಸ್ತ್ರ ತೊಟ್ಟವಳು ಹೊಸ್ತಿಲ ಮೇಲೆ ಕೂತುಬಿಟ್ಟಳು. ಇನ್ನು ಹೋಗುವುದಿಲ್ಲ ಎಂದಳು.

ಅವಳಿಗೆ ಆ ಕೆಲಸದ ಮೇಲಿನ ಪ್ರೀತಿ ಎಂಥದ್ದೆಂದು ಕಸ್ತೂರಿಗೆ ಗೊತ್ತಿತ್ತು. ಇಂಥ ಕೈ ಈ ಕೆಲಸ ಬಿಟ್ಟುಹೋಗಬಾರದು ಎನಿಸಿತು. ಅವತ್ತೇ ಸುಹಾಸನ ಬಳಿ ಹೋಗಿ, ನನ್ನ ಮಗಳ ಪಟ್ಟಿಗೆ ಸ್ವಲ್ಪ ಹೆಚ್ಚು ಇಡು ಎಂದು ಕೇಳಿಕೊಂಡಳು. ಅವನು ಎಲ್ಲರಿಗಿಂತ ಎರಡು ಗೆರೆ ಮೇಲಕ್ಕೆ ಇಟ್ಟ. ಮರುದಿನದಿಂದ ಶ್ರಾವಣಿ ಅಳಲಿಲ್ಲ.

ಬೈಯಲೂ ಇಲ್ಲ. ಸಂಜೆ ಬಂದು ಕೈಕಾಲು ತೊಳೆದು ರೊಟ್ಟಿ ತಿನ್ನುತ್ತಿದ್ದಳು. ಇವತ್ತು ಹೇಗಿತ್ತು ಎಂದರೆ, ಛಲೋ ಇತ್ತು ಎನ್ನುತ್ತಿದ್ದಳು. ರಜೆಯ ದಿನವೂ ಮಲಗುವವರೆಗೆ ಪಟ್ಟಿ ತೆಗೆಯಬಾರದೆಂಬ ಕಟ್ಟಳೆಯಿತ್ತು. ಮನೆ ತಣ್ಣಗಾಯಿತೆಂದು ಕಸ್ತೂರಿ ಕೆಲವು ದಿನ ನೆಮ್ಮದಿಯಿಂದಲೇ ಇದ್ದಳು.

ಆ ನೆಮ್ಮದಿಗೆ ಏಟು ಬಿದ್ದದ್ದು ಒಂದು ಭಾನುವಾರ. ಗಂಡ ಮೌನೇಶ ಹಳೇ ಹುಬ್ಬಳ್ಳಿಯಲ್ಲಿ ಬಾಗಿಲು, ಕಪಾಟು ಮಾಡುವ ಬಡಿಗ. ಮನೆ ಮುಂದೆ ಕೂತು ಚೌಕಟ್ಟಿಗೆ ಕಿಂಡಿ ಕೊರೆಯುವಾಗ ಉಳಿ ಜಾರಿ ತೋರುಬೆರಳಿಗೆ ಬಿತ್ತು. ಧೋತರ ಕೆಂಪಾಯಿತು. ಶ್ರಾವಣಿ ಪೆಟ್ಟಿಗೆ ತಂದು, ಗಾಯ ತೊಳೆದು, ಗಾಜ್ ಇಟ್ಟು, ಬ್ಯಾಂಡೇಜ್ ಸುತ್ತಿದಳು. ಪುಸ್ತಕದಲ್ಲಿ ಬರೆದಿಟ್ಟಂತೆ ಸುತ್ತಿದಳು. ಏನೂ ಆಗುವುದಿಲ್ಲ ಬಿಡ್ರಿ ಎಂದು ಹೇಳಿ ಕೈತೊಳೆಯಲು ಎದ್ದಳು.

ಕಸ್ತೂರಿ ಗಂಡನ ಮುಖ ನೋಡಿದಳು. ಬೆರಳು ಮಡಚಲು ಹೇಳಿದಳು. ತುದಿ ಮಡಚಲಿಲ್ಲ. ಒಳಗೆ ಬೆರಳು ಮಡಚುವ ಸ್ನಾಯುವಿನ ಹುರಿ ಕಡಿದಿತ್ತು. ಆಸ್ಪತ್ರೆಗೆ ಒಯ್ದು ಹೊಲಿಸಿಕೊಂಡು ಬರುವಾಗ ಆಟೋದಲ್ಲಿ ಮೌನೇಶ, ಬೆರಳಿಗಿಂತ ಬೇರೆಯದೇ ಮಾತು ತೆಗೆದ.

“ಕೈ ಒಂಚೂರೂ ನಡಗಲಿಲ್ಲ ನೋಡು ಹುಡುಗಿದು,” ಅಂದ. “ಆದ್ರ ಆಕಿ ನನ್ನ ಮಾರಿ ಒಮ್ಮೆನೂ ನೋಡಲಿಲ್ಲ. ಮರಕ್ಕ ಮೊಳಿ ಹೊಡಿಯೋವಾಗ ನಾನು ಆ ಮರದ ಕಡೆ ಇದಕಿಂತ ಹೆಚ್ಚ ನೋಡ್ತೀನಿ.”



ವಾರ್ಡಿನಲ್ಲಿ ಅವಳು ತಾನೇ ಹಾಕಿಕೊಟ್ಟ ಒಂದು ಪದ್ಧತಿಯಿತ್ತು. ಅಪಾಯದ ಔಷಧ ಕೊಡುವಾಗ ಇಬ್ಬರು ನಿಲ್ಲಬೇಕು. ಒಬ್ಬಳು ಚೀಟಿ ಓದಬೇಕು, ಇನ್ನೊಬ್ಬಳು ಅದನ್ನು ಕೇಳಿಸಿಕೊಳ್ಳದವಳಂತೆ ಮತ್ತೆ ಹೊಸದಾಗಿ ಓದಬೇಕು. ಇಬ್ಬರಲ್ಲಿ ಯಾರ ಹೊಟ್ಟೆಯೊಳಗೆ ಸ್ವಲ್ಪ ಕಸಿವಿಸಿಯಾದರೂ ‘ತಡಿ’ ಅನ್ನಬೇಕು. ಯಾಕೆಂದು ಹೇಳಲು ಬಾರದಿದ್ದರೂ ಸರಿ. ತಡಿ ಎಂದವಳನ್ನು ಯಾರೂ ಬೈಯುವಂತಿಲ್ಲ. ಸರೋಜಾ ಸಿಸ್ಟರ್ ಕೂಡ ಈ ಒಂದಕ್ಕೆ ಬೆಲೆ ಕೊಡುತ್ತಿದ್ದಳು. ದಿನಕ್ಕೆ ಹತ್ತು ಸಲ ಕೇಳುತ್ತಿದ್ದ ಆ ಮಾತಿನಲ್ಲಿ ಒಂಬತ್ತು ಸಲ ಏನೂ ಇರುತ್ತಿರಲಿಲ್ಲ. ಹತ್ತನೆಯದು ಒಂದು ಜೀವ.

ಮಂಗಳವಾರ ಬೆಳಗ್ಗೆ ಕಸ್ತೂರಿ ವಾರ್ಡಿಗೆ ಹೋದಾಗ ನಾಲ್ಕನೇ ಹಾಸಿಗೆಯ ಬಳಿ ಶ್ರಾವಣಿಯೂ ಅವಳ ಗೆಳತಿ ಲಕ್ಕವ್ವ ತಳವಾರಳೂ ನಿಂತಿದ್ದರು. ಹಾಸಿಗೆಯಲ್ಲಿ ಪಾರವ್ವ ಎಂಬ ಮುದುಕಿ, ವಾಂತಿಭೇದಿಯಿಂದ ಸೊರಗಿ ಹೋದವಳು. ಅವಳಿಗೆ ಪೊಟ್ಯಾಸಿಯಂ ಬರೆದಿದ್ದರು. ಅದನ್ನು ಸಲೈನ್ ಬಾಟಲಿಯಲ್ಲಿ ಬೆರೆಸಿ ಹನಿಹನಿಯಾಗಿ ಬಿಡಬೇಕು. ನೇರ ರಕ್ತನಾಳಕ್ಕೆ ಒತ್ತಿದರೆ ಎದೆಬಡಿತ ನಿಂತೇ ಹೋಗುತ್ತದೆ. ನರ್ಸಿಂಗ್ ಓದುವ ಹುಡುಗಿಗೆ ನಿದ್ದೆಯಲ್ಲಿ ಕೇಳಿದರೂ ಗೊತ್ತಿರುವ ಸಂಗತಿ. ಲಕ್ಕವ್ವ ಹೆಸರು ಓದಿದಳು, ಪ್ರಮಾಣ ಓದಿದಳು, ರೋಗಿಯ ಹೆಸರು ಓದಿದಳು. ಶ್ರಾವಣಿಯೂ ಅದನ್ನೇ ಓದಿದಳು. ಇಬ್ಬರೂ ಸರಿಯಾಗಿಯೇ ಓದಿದರು. ಓದಿ ಮುಗಿಸಿ ಶ್ರಾವಣಿ ಸಿರಿಂಜನ್ನು ಪಾರವ್ವನ ಕೈಯ ನಳಿಕೆಗೇ ನೇರವಾಗಿ ಸಿಕ್ಕಿಸಿದಳು.

ಕಸ್ತೂರಿ ಹೇಗೆ ಹಾರಿದಳೋ ಅವಳಿಗೇ ತಿಳಿಯದು. ಮಗಳ ಮುಂಗೈ ಹಿಡಿದಾಗ ಹೆಬ್ಬೆರಳು ಒತ್ತಲು ತಯಾರಾಗಿತ್ತು. ಸಿರಿಂಜು ಕಿತ್ತು ತೆಗೆದಳು. ಪಾರವ್ವ ಇಬ್ಬರನ್ನೂ ನೋಡಿ, ಯಾಕವ್ವ, ಸೂಜಿ ಬ್ಯಾಡೇನು ಎಂದು ಕೇಳಿದಳು.

ತಪ್ಪು ಯಾರಿಂದಲಾದರೂ ಆಗುತ್ತದೆ. ಕಸ್ತೂರಿಯ ಎದೆ ಒಡೆದದ್ದು ಅದರ ನಂತರ. ಶ್ರಾವಣಿ ಬಿಳಿಚಿಕೊಳ್ಳಲಿಲ್ಲ. ಹೌದ್ರಿ ಮೇಡಂ, ಬಾಟಲಿಗೆ ಹಾಕಬೇಕಿತ್ತು ಎಂದಳು, ಉಪ್ಪು ಕಡಿಮೆಯಾಯಿತು ಎನ್ನುವ ಧಾಟಿಯಲ್ಲಿ. ಲಕ್ಕವ್ವ ಹೂಂ ಎಂದಳು. ಇಬ್ಬರೂ ಟ್ರಾಲಿ ತಳ್ಳಿಕೊಂಡು ಐದನೇ ಹಾಸಿಗೆಗೆ ಹೋದರು. ಅವರ ಹೊಟ್ಟೆಯೊಳಗೆ ತಡಿ ಎನ್ನುವ ಆ ಜೀವವೇ ಇರಲಿಲ್ಲ. ಮನುಷ್ಯನನ್ನು ಕಾಯುವ ಹೆದರಿಕೆಯನ್ನೂ ಮನುಷ್ಯನನ್ನು ತಿನ್ನುವ ಹೆದರಿಕೆಯನ್ನೂ ಆ ತಂತಿ ಒಂದೇ ಏಟಿಗೆ ಕೊಂದಿತ್ತು.

ಅವಳು ಸೀದಾ ಪ್ರಿನ್ಸಿಪಾಲ್ ಪಂಕಜಾ ಹೊಸಮಠ ಅವರ ಕೋಣೆಗೆ ನುಗ್ಗಿದಳು. ಸುಹಾಸನೂ ಅಲ್ಲೇ ಇದ್ದ. ಗುರುವಾರ ತಪಾಸಣಾ ಸಮಿತಿ ಬರುವುದಿತ್ತು, ಅದರ ತಯಾರಿ ನಡೆದಿತ್ತು. ಆದದ್ದನ್ನೆಲ್ಲ ಕಸ್ತೂರಿ ಹೇಳಿದಳು. ಮುದುಕಿಗೆ ಏನೂ ಆಗಲಿಲ್ಲವಲ್ಲ ಎಂದು ಪಂಕಜಾ ಮೇಡಂ ಕೇಳಿದರು. ಆಗದ ಘಟನೆಗೆ ವರದಿ ಬರೆಯುವ ರೂಢಿ ಕಾಲೇಜಿನಲ್ಲಿಲ್ಲ ಎಂದರು. ಪಟ್ಟಿ ಯಾವ ಸುಳ್ಳನ್ನೂ ಹೇಳುತ್ತಿಲ್ಲ, ಮಕ್ಕಳಿಗೆ ನಿಜವಾಗಿಯೂ ಚೆನ್ನಾಗಿದೆ ಎಂದೇ ಅನ್ನಿಸುತ್ತಿದೆ, ಅದನ್ನೇ ಅದು ತೋರಿಸುತ್ತಿದೆ ಎಂದು ಸುಹಾಸ ಸೇರಿಸಿದ.

“ಸತ್ತವರಿಗೂ ನೋವು ಇರಂಗಿಲ್ಲ ಸುಹಾಸ,” ಎಂದಳು ಕಸ್ತೂರಿ. “ಅವರ ಹಣಿಗೆ ಕಟ್ಟು. ನೂರಕ್ಕ ನೂರು ಬರತೈತಿ.”

ಮಗಳ ಪಟ್ಟಿಯನ್ನಾದರೂ ತೆಗೆಯಲು ಬಿಡಿ ಎಂದು ಕೇಳಿದಳು. ಪಟ್ಟಿ ಇಲ್ಲದ ದಿನ ಹಾಜರಿ ಇಲ್ಲ, ಹಾಜರಿ ಇಲ್ಲದಿದ್ದರೆ ಪರೀಕ್ಷೆ ಇಲ್ಲ, ನಿಮಗೆ ಗೊತ್ತಿರುವ ನಿಯಮವೇ ಎಂದು ಉತ್ತರ ಬಂತು. ಪಂಕಜಾ ಮೇಡಂ ದನಿ ಏರಿಸುವವರಲ್ಲ. ಕನ್ನಡಕ ತೆಗೆದು ಒರೆಸುತ್ತ, ಬೇಕಾದ ಕಡೆಗೇ ಚುಚ್ಚಿದರು.

“ಕಸ್ತೂರಿ ಮೇಡಂ, ಇನ್ನೂರು ಮಂದಿ ತಾಯಂದಿರೊಳಗ ನನ್ನ ಮಗಳಿಗೆ ಹೆಚ್ಚ ಇಡ್ರಿ ಅಂತ ಕೇಳಿಕೊಂಡು ಬಂದಾಕಿ ನೀವೊಬ್ರ. ಆ ಮಾತು ಮರ್ತ್ರೇನು?”

ಮರೆತಿರಲಿಲ್ಲ. ಆ ಮಾತು ಬೆಂಕಿಯಂತೆ ಅವಳ ಮೈಯೊಳಗೆ ಇಳಿಯಿತು. ಆದರೆ ತಲೆ ತಗ್ಗಿಸಲಿಲ್ಲ. ಗುರುವಾರ ಪರಿಸರ ಕೋಣೆಯ ಪಾಳಿ ಯಾರದು ಎಂದು ಕೇಳಿದಳು. ನಿಮ್ಮದೇ, ಹೊಸ ಸೀರೆ ಉಟ್ಟುಕೊಂಡು ಬನ್ನಿ ಎಂದರು ಮೇಡಂ.

ಮನೆಯಲ್ಲಿ ಮೌನೇಶನಿಗೆ ಎಲ್ಲವನ್ನೂ ಹೇಳಿದಳು. ಪಟ್ಟಿ ಬಂದ್ ಮಾಡಿದರೆ ತನ್ನ ಕೆಲಸ ಹೋಗುತ್ತದೆ, ಮಗಳನ್ನು ಪರೀಕ್ಷೆಗೆ ಕೂರಿಸದೆ ಸೇಡು ತೀರಿಸಿಕೊಳ್ಳಲೂಬಹುದು ಎಂದಳು. ಅವನು ಕಟ್ಟು ಹಾಕಿದ ಬೆರಳನ್ನು ಒಮ್ಮೆ, ಒಳಕೋಣೆಯನ್ನು ಒಮ್ಮೆ ನೋಡಿದ. ಒಳಗೆ ಶ್ರಾವಣಿ ಒಬ್ಬಳೇ, ಸದ್ದಿಲ್ಲದೆ, ಬಟ್ಟೆ ಮಡಚಿಡುತ್ತಿದ್ದಳು.

“ಕೆಲಸ ಹೋದ್ರ ಇನ್ನೊಂದು ಹುಡುಕೋಣ,” ಎಂದ. “ಆಕಿ ಒಬ್ಬರ ಜೀವ ತಗದು, ಹೌದ್ರಿ ತಪ್ಪಾತು ಅಂತ ಹಿಂಗ ಅರಿವಿ ಮಡಚಿಕೊಂಡು ಕುಂತ್ರ, ಆಗ ಏನ್ ಹುಡುಕೋದು?”

ಗುರುವಾರ ಕಸ್ತೂರಿ ಹಳೆಯ ಸೀರೆಯನ್ನೇ ಉಟ್ಟು ಹೋದಳು. ಬೆಳಗಿನ ಪಾಳಿಯ ಹುಡುಗಿಯರೆಲ್ಲ ವಾರ್ಡುಗಳಿಗೆ ಹಂಚಿಹೋದ ಮೇಲೆ, ಸಮಿತಿಯವರು ಪ್ರಿನ್ಸಿಪಾಲರ ಕೋಣೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಹೊತ್ತಿನಲ್ಲಿ, ಪರಿಸರ ಕೋಣೆಯಲ್ಲಿ ಒಬ್ಬಳೇ ಕೂತು ಎರಡನೆಯ ತಂತಿಯನ್ನು ಇನ್ನೂರು ಪಟ್ಟಿಗಳಿಗೂ ಒಟ್ಟಿಗೇ ಬಂದ್ ಮಾಡಿದಳು. ಓದುವ ತಂತಿಯನ್ನು ಮುಟ್ಟಲಿಲ್ಲ. ಆಮೇಲೆ ಕೈಕಟ್ಟಿ ಕೂತಳು.

ಅಂಕಿ ಮೊದಲು ಜಗ್ಗಲಿಲ್ಲ. ನಂತರ ಎಂಬತ್ತರ ಕೆಳಗಿಳಿಯಿತು. ಸಮಿತಿಯ ಮೂವರು ಪಂಕಜಾ ಮೇಡಂ, ಸುಹಾಸರ ಜೊತೆ ಕೋಣೆಗೆ ಬರುವ ಹೊತ್ತಿಗೆ ಹಸಿರು ಹೋಗಿ ಹಳದಿಯಾಗಿತ್ತು. ಅವರು ಕೂರುವಷ್ಟರಲ್ಲಿ ಕೆಂಪಾಯಿತು. ಮೂವತ್ತಾಯಿತು, ಇಪ್ಪತ್ತೆರಡಾಯಿತು, ಹದಿನೇಳಕ್ಕೆ ಬಂದು ನಿಂತಿತು. ಇಷ್ಟು ದಿನ ಮುಚ್ಚಿಟ್ಟದ್ದೆಲ್ಲ ಬಡ್ಡಿ ಸಮೇತ ಮೇಲೆದ್ದಿತ್ತು.

ಸಮಿತಿಯ ಹಿರಿಯರು ಕನ್ನಡಕ ಸರಿಮಾಡಿಕೊಂಡು ಯಂತ್ರ ಕೆಟ್ಟಿದೆಯೇ ಎಂದು ಕೇಳಿದರು. ಪಂಕಜಾ ಮೇಡಂ ಸುಹಾಸನ ಕಡೆ ನೋಡಿದರು. ಹೌದು ಸರ್, ಏನೋ ದೋಷ ಎಂದ ಅವನು. ಹಾಗಿದ್ದರೆ ಹಿಂದಿನ ವಾರದ ಅಂಕಿಯನ್ನೇ ಹಿಡಿಯೋಣ ಎಂದು ಹಿರಿಯರು ಸಲೀಸಾಗಿ ಹೇಳಿದರು. ಪಕ್ಕದವರು ತಲೆಯಾಡಿಸಿ ಚಹಾ ಕೇಳಿದರು.

ಕಸ್ತೂರಿ ಎದ್ದು ನಿಂತಳು. ಯಂತ್ರ ಸರಿಯಿದೆ ಎಂದಳು. ಇಷ್ಟು ದಿನ ಮಕ್ಕಳ ತಲೆಗೆ ವಿದ್ಯುತ್ ಹರಿಸಿ ಅಂಕಿ ಏರಿಸಿದ್ದೆವು, ಈಗ ನಿಲ್ಲಿಸಿದ್ದೇನೆ, ಇದು ಅವರ ನಿಜ ಎಂದಳು. ಒಂದು ಮಹಡಿ ಮೇಲೆ ಹತ್ತಿ ನೋಡಿ, ಮೊದಲು ಶೌಚಾಲಯದ ಬಾಗಿಲು ನೋಡಿ ಎಂದಳು. ಯಾರೂ ಏಳಲಿಲ್ಲ. ಹಿರಿಯರು ಕೈಗಡಿಯಾರ ನೋಡಿಕೊಂಡರು.

“ನಿಮಗ ಕಾಲು ಐತಲ್ರೀ,” ಎಂದಳು ಕಸ್ತೂರಿ. “ಅದಕ್ಕೂ ಒಂದು ಪಟ್ಟಿ ಕಟ್ಟಬೇಕೇನು?”

ಪಂಕಜಾ ಮೇಡಂ ಸುಹಾಸನಿಗೆ, ಮತ್ತೆ ಚಾಲೂ ಮಾಡು ಎಂದು ಹಲ್ಲು ಕಚ್ಚಿ ಹೇಳುವುದು ಕೇಳಿಸಿತು. ಅವನು ಕುರ್ಚಿ ಎಳೆದುಕೊಂಡ. ಕಸ್ತೂರಿ ಅವನನ್ನು ತಡೆಯಲು ನಿಲ್ಲದೆ ಮೆಟ್ಟಿಲು ಹತ್ತಿದಳು. ಅವನು ಚಾಲೂ ಮಾಡುವ ಮೊದಲು ಹುಡುಗಿಯರಿಗೆ ವಿಷಯ ಮುಟ್ಟಬೇಕಿತ್ತು.

ವಾರ್ಡಿನ ಬಾಗಿಲಲ್ಲೇ ಗದ್ದಲ ಕೇಳಿಸಿತು. ಔಷಧದ ಟ್ರಾಲಿ ಅರ್ಧ ದಾರಿಯಲ್ಲಿ ನಿಂತಿತ್ತು. ಲಕ್ಕವ್ವ ಗೋಡೆಗೆ ಒರಗಿ ಬಿಕ್ಕುತ್ತ, ಮಂಗಳವಾರ ತಾವು ಏನು ಮಾಡಹೊರಟಿದ್ದೆವು ಎಂಬುದಕ್ಕೆ ಎರಡು ದಿನ ತಡವಾಗಿ ಹೆದರುತ್ತಿದ್ದಳು. ಇಬ್ಬರು ಹುಡುಗಿಯರು ಸರೋಜಾ ಸಿಸ್ಟರ್ ಎದುರು ನಿಂತು ಬೀಗದ ಕೈ ಕೇಳುತ್ತಿದ್ದರು. ನನ್ನ ಹತ್ತಿರ ಎಲ್ಲಿದೆ, ನಾನೂ ಬೆಳಗ್ಗೆಯಿಂದ ಹೋಗಿಲ್ಲ ಎಂದು ಹೇಳಿದ ಸಿಸ್ಟರ್, ಹೇಳಿದ ಮೇಲೆ ತಾನೇ ಬೆಚ್ಚಿದಳು.

ಕಸ್ತೂರಿ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ, ಪಟ್ಟಿ ಏನು ಮಾಡುತ್ತಿತ್ತೆಂದು ಹೇಳಿದಳು. ಇನ್ನು ಸ್ವಲ್ಪ ಹೊತ್ತಿನಲ್ಲಿ ಮತ್ತೆ ಅದನ್ನೇ ಮಾಡಲಿದೆ ಎಂದಳು. ತೆಗೆಯುವುದು ಬಿಡುವುದು ನಿಮಗೆ ಬಿಟ್ಟದ್ದು, ತೆಗೆದರೆ ಹಾಜರಿ ಕಳೆಯುತ್ತಾರೆ, ಅದೂ ಗೊತ್ತಿರಲಿ ಎಂದಳು. ಮೊದಲು ಯಾರೂ ಅಲುಗಲಿಲ್ಲ. ಲಕ್ಕವ್ವ ಟೊಪ್ಪಿಗೆ ಕಿತ್ತು ಪಟ್ಟಿ ಬಿಚ್ಚಿದಳು. ಕೊಳೆಯಾದ ಪ್ಲಾಸ್ಟಿಕ್ ಹಾಕುವ ಕೆಂಪು ಚೀಲಕ್ಕೆ ಎಸೆದಳು. ಒಬ್ಬೊಬ್ಬರಾಗಿ ಉಳಿದವರೂ ಎಸೆದರು.

ಶ್ರಾವಣಿಯ ಹಣೆ ಆಗಲೇ ಬರಿದಾಗಿತ್ತು. ಅವಳು ನಾಲ್ಕನೇ ಹಾಸಿಗೆಯ ಬಳಿ ಬಾಗಿ, ಪಾರವ್ವನ ಮುಖವನ್ನೇ ದಿಟ್ಟಿಸುತ್ತ, ಉಸಿರು ಎಣಿಸುತ್ತಿದ್ದಳು. ಮುದುಕಿಯ ತುಟಿ ನೀಲಿಗೆ ತಿರುಗಿತ್ತು, ಎದೆ ಗೊರಗೊರ ಎನ್ನುತ್ತಿತ್ತು. ಸಲೈನ್ ಹೆಚ್ಚಾಗಿ ಎದೆಯಲ್ಲಿ ನೀರು ತುಂಬಿದಂತಿದೆ, ಡಾಕ್ಟರಿಗೆ ಫೋನ್ ಹೋಗಿದೆ, ಬರುತ್ತಿದ್ದಾರೆ ಎಂದಳು. ಹತ್ತಿರ ಬಂದ ತಾಯಿಯನ್ನು ಕಂಡು ಮೇಡಂ ಎನ್ನಲಿಲ್ಲ.

“ಅವ್ವಾ, ಲಕ್ಕವ್ವಗ ಸ್ವಲ್ಪರ ಹೆದರಿಕಿ ಉಳದಿತ್ತು. ಆ ಸೂಜಿ ರಾತ್ರಿ ಕನಸಿಗೆ ಬರತಿತ್ತಂತ. ನನಗ ಏನಂದ್ರ ಏನೂ ಇರಲಿಲ್ಲ. ನನಗೊಬ್ಬಾಕಿಗೇ ಯಾಕ ಇರಲಿಲ್ಲ?”

ಸುಳ್ಳಿಗೆ ಜಾಗವಿತ್ತು. ಕಸ್ತೂರಿ ಅದನ್ನು ಮುಟ್ಟಲಿಲ್ಲ. ನೀನು ಹೊಸ್ತಿಲ ಮೇಲೆ ಕೂತ ದಿನ ನಾನೇ ಹೋಗಿ ಹೆಚ್ಚು ಇಡಿಸಿದೆ ಎಂದಳು. ನಿನ್ನ ಅಳು ನೋಡಲಾಗಲಿಲ್ಲ ಎಂದಳು.

ಶ್ರಾವಣಿಯ ಮುಖ ಕೆಂಪೇರಿತು. ಕತ್ತಿನ ನರ ಉಬ್ಬಿತು. ಎಷ್ಟೋ ದಿನಗಳ ನಂತರ ಅವಳ ಕಣ್ಣು ತಾಯಿಯ ಕಣ್ಣಿಗೆ ನೇರ ತಾಗಿತು, ಸುಡುವಂತೆ ತಾಗಿತು.

“ಈ ಮುದುಕಿ ಸತ್ತಿದ್ರ ನಾ ಅಳತಿದ್ದಿಲ್ಲ,” ಎಂದಳು. “ನೀ ಸತ್ತಿದ್ರೂ ಅಳತಿದ್ದಿಲ್ಲ. ನನ್ನ ಅಳು ನಿನಗ ನೋಡೂದು ಆಗಲಿಲ್ಲ ಅಂತ ನನ್ನನ್ನ ಕಲ್ಲು ಮಾಡಿದಿ. ಸರೋಜಾ ಸಿಸ್ಟರ್ ಬೈದದ್ದು ನಾ ಮರಿತೀನಿ. ಇದನ್ನ ಮರಿಯಂಗಿಲ್ಲ.”

ಅಷ್ಟರಲ್ಲಿ ಪಾರವ್ವ ಒಂದು ಉಸಿರು ತಪ್ಪಿಸಿದಳು. ಶ್ರಾವಣಿ ತಟ್ಟನೆ ತಿರುಗಿ ಮುದುಕಿಯ ಬೆನ್ನಿಗೆ ಕೈಕೊಟ್ಟು ಎತ್ತಿ ಕೂರಿಸಿದಳು, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಿಡಿದಳು, ಸಿಲಿಂಡರಿನ ಮುಳ್ಳು ನೋಡಿದಳು. ಮುಳ್ಳು ತಳ ಮುಟ್ಟಿತ್ತು.

“ಸಿಲಿಂಡರ್ ಖಾಲಿ ಆಗೇತಿ,” ಎಂದಳು, ತಾಯಿಯ ಕಡೆ ತಿರುಗದೆ. “ನಿಂತು ನನ್ನ ಮಾರಿ ಏನ್ ನೋಡ್ತಿ, ಇನ್ನೊಂದು ತಗೊಂಡು ಬಾ. ಓಡು.”

ಕಸ್ತೂರಿ ಓಡಿದಳು.